ಆಲ್ಬಂ ಜಾಹೀರಾತಿನ ಪುಟ: ಬ್ರಿಟಿಷ್ ಸಂಗೀತ ಪತ್ರಿಕೆಗಳ ಹಳೆಯ ಸಂಚಿಕೆಗಳ ವಿಮರ್ಶೆ

ಬ್ರಿಟನ್ನಿನ ಸಂಗೀತ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಹುಡುಕಿ ಕೊಳ್ಳುವವರು ಹೆಚ್ಚಾಗಿ ಸಂದರ್ಶನಕ್ಕೋ ಮುಖಪುಟದ ಚಿತ್ರಕ್ಕೋ ದುಡ್ಡು ಕೊಡುತ್ತಾರೆ. ಪುಟವಿನ್ಯಾಸದ ಕೆಲಸ ಮಾಡುವವರಿಗೆ ಅವುಗಳಲ್ಲಿ ಸಿಗುವ ನಿಜವಾದ ಸರಕು ಬೇರೆಯೇ ಇದೆ: ಹೊಸ ಆಲ್ಬಂ ಬಂತೆಂದು ಸಾರುವ ಇಡೀ ಪುಟದ ಜಾಹೀರಾತುಗಳು. ಕ್ಯೂ, ಮೋಜೊ, ಎನ್‌ಎಂಇ, ಸ್ಮ್ಯಾಶ್ ಹಿಟ್ಸ್, ಕೆರಾಂಗ್ ಎಂಬ ಐದು ಪತ್ರಿಕೆಗಳಲ್ಲಿ, ಮುಖ್ಯವಾಗಿ 1990ರಿಂದ 2010ರವರೆಗೆ ಬಂದ ಇಂಥ ಪುಟಗಳನ್ನು ಕಲಿಕೆಯ ಸಾಮಗ್ರಿ ಎಂದುಕೊಂಡು ಬರೆದ ವಿಮರ್ಶೆ ಇದು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬಹುದು, ಕೊಂಡ ಮೇಲೆ ಪುಟದಲ್ಲಿ ಏನನ್ನು ನೋಡಬೇಕು ಎನ್ನುವುದು ಇದರ ವಿಷಯ.

ಕಾಗದದ ಮೇಲೆ ಹಾಡು ಕೇಳಿಸುವುದಿಲ್ಲ. ಹಾಗಾಗಿ ಆಲ್ಬಂ ಜಾಹೀರಾತಿನ ಪಾಲಿಗೆ ಉಳಿಯುವುದು ಗುರುತು ಹಿಡಿಸುವ ಕೆಲಸ. ಓದುಗ ವಾರದ ಕೊನೆಗೆ ಎಚ್‌ಎಂವಿಗೋ ವೂಲ್ವರ್ತ್ಸ್‌ಗೋ ಹೋದಾಗ, ಸಾಲುಗಟ್ಟಿ ನಿಂತ ಸಿಡಿಗಳ ನಡುವೆ ಆ ಒಂದು ಕವರ್ ಥಟ್ಟನೆ ಕಣ್ಣಿಗೆ ಬೀಳಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಪುಟದ ಮೇಲಿನ ಪ್ರತಿ ರೂಢಿಗೂ ಒಂದು ಕಾರಣ ಸಿಗುತ್ತದೆ. ಕಾರಣ ಮರೆತು ರೂಢಿಯನ್ನಷ್ಟೇ ಉಳಿಸಿಕೊಂಡ ಪುಟಗಳು ಎಲ್ಲಿ ಸೋತವು ಎಂಬುದೂ ಗೊತ್ತಾಗುತ್ತದೆ.

ಚೌಕ ಕವರ್, ಉದ್ದ ಪುಟ

ಎಲ್ಲ ತೊಡಕಿನ ಮೂಲ ಆಕಾರದಲ್ಲಿದೆ. ಆಲ್ಬಂ ಕವರ್ ಚೌಕ, ಪತ್ರಿಕೆಯ ಪುಟ ಉದ್ದ. ಎ4 ಅಳತೆಯ ಪುಟ 210×297 ಮಿ.ಮೀ. ಕವರನ್ನು ಪುಟದ ಪೂರ್ತಿ ಅಗಲಕ್ಕೆ ಹಿಗ್ಗಿಸಿದರೆ 210×210 ಹೋಗುತ್ತದೆ, 87 ಮಿ.ಮೀ. ಎತ್ತರದ ಒಂದು ಪಟ್ಟಿ ಉಳಿಯುತ್ತದೆ. ಆಲ್ಬಂ ಜಾಹೀರಾತಿನ ಇಡೀ ವಿನ್ಯಾಸವೆಂದರೆ ಈ 87 ಮಿ.ಮೀ.ಗಳಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ. ಸಾಮಾನ್ಯವಾಗಿ ಕವರ್ ಮೇಲೆ, ಮಾತೆಲ್ಲ ಕೆಳಗೆ. ಕೆಲವರು ಮೇಲೆ 25-30 ಮಿ.ಮೀ. ಬಿಟ್ಟು ಅಲ್ಲಿ ಗಾಯಕರ ಹೆಸರಿಟ್ಟು, ಉಳಿದದ್ದನ್ನು ಕೆಳಗೆ ಇಳಿಸುತ್ತಾರೆ. ಮೇಲೂ ಕೆಳಗೂ ಸಮಸಮ ಹಂಚಿದ ಪುಟಗಳೂ ಇವೆ. ಅವು ಚೌಕಟ್ಟು ಹಾಕಿದ ಫೋಟೋದಂತೆ ನಿಂತುಬಿಡುತ್ತವೆ. ಕಣ್ಣು ಕೆಳಗಿಳಿದು ದಿನಾಂಕದವರೆಗೆ ಹೋಗುವುದೇ ಇಲ್ಲ.

ಪೂರ್ತಿ ಅಗಲಕ್ಕೆ ಹಿಗ್ಗಿಸುವವರು ಬ್ಲೀಡ್, ಅಂದರೆ ಕತ್ತರಿಸಲೆಂದು ಪುಟದಾಚೆ ಬಿಡುವ ಹೆಚ್ಚುವರಿ ಅಂಚಿನ, ಲೆಕ್ಕ ತಪ್ಪಬಾರದು. ನಾಲ್ಕೂ ಕಡೆ 3 ಮಿ.ಮೀ. ಸೇರಿದರೆ ಪುಟದ ಕಡತ 216×303 ಆಗುತ್ತದೆ, ಕತ್ತರಿಸಿದ ಮೇಲೆ ಆ 3 ಮಿ.ಮೀ. ಹೋಗುತ್ತದೆ. ಕವರಿನ ಅಂಚಿಗೆ ಅಂಟಿಕೊಂಡಂತೆ ಸಣ್ಣ ಅಕ್ಷರವಿದ್ದರೆ ಅದು ಕತ್ತರಿಯ ಬಾಯಿಗೆ ಹತ್ತಿರ. ಅಂಥ ಕವರನ್ನು ಅಂಚಿನವರೆಗೆ ಒಯ್ಯದೆ ಸುತ್ತ 10-12 ಮಿ.ಮೀ. ಬಿಟ್ಟು ಕೂರಿಸುವುದೇ ವಾಸಿ.

ಅರ್ಧ ಪುಟದ ಅಡ್ಡ ಜಾಹೀರಾತಿನಲ್ಲಿ, ಅಂದರೆ 210×148ರಲ್ಲಿ, ಒಂದು ಸೊಗಸಾದ ಅನುಕೂಲವಿದೆ. ಸಿಡಿ ಪುಸ್ತಿಕೆಯ ನಿಜ ಅಳತೆ ಸುಮಾರು 120×120 ಮಿ.ಮೀ. ಅದನ್ನು ಎಡಕ್ಕೆ ಇದ್ದ ಅಳತೆಯಲ್ಲೇ ಅಚ್ಚು ಹಾಕಿದರೂ ಬಲಕ್ಕೆ ಮಾತಿಗೆ ಜಾಗ ಉಳಿಯುತ್ತದೆ. ಓದುಗ ಅಂಗಡಿಯಲ್ಲಿ ಯಾವ ಗಾತ್ರದಲ್ಲಿ ನೋಡುತ್ತಾನೋ ಅದೇ ಗಾತ್ರದಲ್ಲಿ ಪತ್ರಿಕೆಯಲ್ಲೂ ನೋಡುತ್ತಾನೆ. ಇಡೀ ಪುಟಕ್ಕೆ ಹಣ ಕೊಟ್ಟು ಕೆಟ್ಟ ವಿನ್ಯಾಸ ಮಾಡಿಸುವುದಕ್ಕಿಂತ ಈ ಅರ್ಧ ಪುಟ ಎಷ್ಟೋ ಮೇಲು. ಈ ಪತ್ರಿಕೆಗಳಲ್ಲಿ ಅರ್ಧ ಪುಟದ ಜಾಹೀರಾತುಗಳನ್ನು ಬಿಟ್ಟು ಮುಂದೆ ಹೋಗಬೇಡಿ.

ಇನ್ನೊಂದು ಸಂಪ್ರದಾಯದಲ್ಲಿ ಕವರನ್ನು ಹಿಗ್ಗಿಸುವುದಿಲ್ಲ. ಅದೇ ಫೋಟೋ ಶೂಟಿನ ಇನ್ನೂ ಅಗಲವಾದ ಚಿತ್ರವನ್ನು ಪುಟದ ತುಂಬ ಹರಡಿ, ಕೆಳಗಿನ ಮೂಲೆಯಲ್ಲಿ ಕವರನ್ನು ಚಿಕ್ಕದಾಗಿ ಇಡುತ್ತಾರೆ. ಈ ಚಿಕ್ಕ ಕವರಿಗೆ ಪ್ಯಾಕ್ ಶಾಟ್ ಎನ್ನುತ್ತಾರೆ. ದೊಡ್ಡ ಲೇಬಲ್‌ಗಳ (ಆಲ್ಬಂ ಹೊರತರುವ ಕಂಪನಿಗಳ) ಪಾಪ್ ಜಾಹೀರಾತುಗಳಲ್ಲಿ ಹೆಚ್ಚು ಕಾಣುವುದು ಇದೇ. ನೋಡಲು ಚೆಂದ, ಆದರೆ ಅಪಾಯವೂ ಇಲ್ಲೇ. ಓದುಗನ ನೆನಪಿನಲ್ಲಿ ಉಳಿಯುವುದು ದೊಡ್ಡ ಚಿತ್ರ. ಅಂಗಡಿಯಲ್ಲಿರುವುದು ಬೇರೆ ಭಂಗಿಯ, ಬೇರೆ ಬಣ್ಣದ ಕವರ್ ಆದರೆ ಜಾಹೀರಾತಿನ ಖರ್ಚು ನೀರಿಗೆ ಹಾಕಿದಂತೆ. ಒಳ್ಳೆಯ ಪುಟಗಳಲ್ಲಿ ದೊಡ್ಡ ಚಿತ್ರಕ್ಕೂ ಕವರಿಗೂ ಮೂರರಲ್ಲಿ ಎರಡಾದರೂ ಸಮಾನವಾಗಿರುತ್ತವೆ: ಹಿನ್ನೆಲೆಯ ಬಣ್ಣ, ಉಡುಪು, ಅಕ್ಷರದ ಮಾದರಿ. ಪ್ಯಾಕ್ ಶಾಟ್ 35 ಮಿ.ಮೀ.ಗಿಂತ ಚಿಕ್ಕದಾದರೆ ಅದು ಅಂಚೆಚೀಟಿಯಷ್ಟಾಗಿ ಮೇಲಿನ ಅಕ್ಷರ ಓದಲಾಗದು. 40-50 ಮಿ.ಮೀ. ಇದ್ದರೆ ಸುಖ. ಸುತ್ತ ಅರ್ಧ ಪಾಯಿಂಟಿನ (ಅಕ್ಷರ, ಗೆರೆಗಳನ್ನು ಅಳೆಯುವ ಅಚ್ಚಿನ ಮಾನ) ತೆಳು ಗೆರೆ ಅಥವಾ ಮೆಲ್ಲಗಿನ ನೆರಳು ಬೇಕು. ಇಲ್ಲದಿದ್ದರೆ ಒಂದೇ ಶೂಟಿನ ಎರಡು ಚಿತ್ರಗಳು ಒಂದರೊಳಗೊಂದು ಕರಗಿಹೋಗುತ್ತವೆ.

ಹೆಸರು ಎಷ್ಟು ದೊಡ್ಡದಿರಬೇಕು

ಗಾಯಕರು ಎಷ್ಟು ಹೊಸಬರೋ ಅವರ ಹೆಸರು ಅಷ್ಟು ದೊಡ್ಡದು. ಚೊಚ್ಚಲ ಆಲ್ಬಂ ಆದರೆ ಹೆಸರು, ಮುಖ, 'ಮೊದಲ ಆಲ್ಬಂ' ಎಂಬ ಮಾತು, ಮೂರೂ ಇರಲೇಬೇಕು. ಎರಡನೆಯದಕ್ಕೆ ಬರುವಾಗ 'ಹೊಸ ಆಲ್ಬಂ' ಎಂಬುದಷ್ಟೇ ಸಾಕಾಗುತ್ತದೆ. ಹೆಸರು ಊರಿಗೆಲ್ಲ ಗೊತ್ತಾದ ಮೇಲೆ ಅದನ್ನು ಚಿಕ್ಕದು ಮಾಡಬಹುದು, ಪೂರ್ತಿ ತೆಗೆದುಹಾಕಲೂಬಹುದು. ಇದರ ತುತ್ತತುದಿ 1971ರ ನವೆಂಬರಿನಲ್ಲಿ ಬಂದ ಲೆಡ್ ಜೆಪ್ಪೆಲಿನ್ ತಂಡದ ನಾಲ್ಕನೆಯ ಆಲ್ಬಂ. ಕವರಿನ ಮೇಲೆ ತಂಡದ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ. ಬಿಡುಗಡೆಗೆ ಮುಂಚೆ ನಾಲ್ವರು ಸದಸ್ಯರ ನಾಲ್ಕು ಚಿಹ್ನೆಗಳನ್ನು ಒಂದೊಂದಾಗಿ ಸಂಗೀತ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು. ಹೆಸರಿಲ್ಲದ ಕವರನ್ನು ಅಂಗಡಿಯಲ್ಲಿ ಗುರುತಿಸಬೇಕಾದರೆ ಆ ಚಿಹ್ನೆಗಳು ಮೊದಲೇ ಕಣ್ಣಿಗೆ ಪರಿಚಯವಾಗಿರಬೇಕಲ್ಲ, ಅದಕ್ಕೆ. ಗುಟ್ಟು ಕಾಯುವ ಜಾಹೀರಾತೂ ಗುರುತು ಹಿಡಿಸುವ ಕೆಲಸವನ್ನೇ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಇದನ್ನು ನೋಡಿ ಹೊಸ ತಂಡಗಳು ಹೆಸರಿಲ್ಲದ ಟೀಸರ್ ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ; ಬಚ್ಚಿಡಲು ಮೊದಲು ಹೆಸರಿರಬೇಕು.

ಹೆಸರನ್ನು ಯಾವ ಅಕ್ಷರದಲ್ಲಿ ಹಾಕಬೇಕೆಂಬುದರಲ್ಲಿ ಆಯ್ಕೆಯೇ ಇಲ್ಲ ಎನ್ನಬಹುದು: ಕವರಿನಲ್ಲಿ ಯಾವುದಿದೆಯೋ ಅದೇ. ಜಾಹೀರಾತಿಗೆಂದು ಹೊಸ ಫಾಂಟ್ ತಂದರೆ ಎರಡು ಗುರುತುಗಳಾಗುತ್ತವೆ. ಉಳಿದ ಮಾತಿಗೆಲ್ಲ ಇನ್ನೊಂದೇ ಒಂದು ಸರಳ ಫಾಂಟ್, ಹೆಚ್ಚೆಂದರೆ ಎರಡು ತೂಕಗಳಲ್ಲಿ. ಎ4 ಪುಟಕ್ಕೆ ಒಪ್ಪುವ ಅಳತೆ ಹೀಗಿರಬಹುದು: ಹೆಸರು 60ರಿಂದ 100 ಪಾಯಿಂಟ್, ಆಲ್ಬಂ ಹೆಸರು ಅದರ ಅರ್ಧ, ದಿನಾಂಕ 18-24, ಸಿಂಗಲ್‌ಗಳ (ಬಿಡಿಯಾಗಿ ಬಿಡುಗಡೆಯಾದ ಹಾಡುಗಳ) ಸಾಲು 14-16, ವಿಮರ್ಶೆಯ ಮಾತು 11-13, ಅಡಿಯ ಸಾಲು 7. ಹೆಸರಿಗೂ ದಿನಾಂಕಕ್ಕೂ ನಡುವೆ ಇಷ್ಟು ಅಂತರ ಇಡದೆ ಎಲ್ಲವನ್ನೂ 24-30ರ ಆಸುಪಾಸಿನಲ್ಲಿ ಹಾಕಿದ ಪುಟಗಳನ್ನು ನೋಡಿ. ಎಲ್ಲವೂ ಕೂಗುತ್ತವೆ, ಯಾವುದೂ ಕೇಳಿಸುವುದಿಲ್ಲ.

'ಈ ಹಿಟ್ ಸಿಂಗಲ್‌ಗಳಿವೆ' ಎಂಬ ಸಾಲನ್ನು ಅನೇಕರು ಅಲಂಕಾರವೆಂದು ತಿಳಿದಿದ್ದಾರೆ. ರೇಡಿಯೊದಲ್ಲಿ ಹಾಡು ಕೇಳಿದವನಿಗೆ ಆಲ್ಬಂ ಹೆಸರು ಗೊತ್ತಿರುವುದಿಲ್ಲ, ಹಾಡಿನ ಹೆಸರು ಗೊತ್ತಿರುತ್ತದೆ. ಅವನನ್ನು ಕವರಿಗೆ ತಂದು ಮುಟ್ಟಿಸುವ ಸೇತುವೆ ಈ ಸಾಲು. ಆದ್ದರಿಂದ ಎರಡು, ಹೆಚ್ಚೆಂದರೆ ಮೂರು ಹಾಡು. ಅವನು ಕೇಳಿರುವಂಥವು ಮಾತ್ರ. ಮುಂದಿನ ತಿಂಗಳು ಬರಲಿರುವ ಸಿಂಗಲ್ ಹೆಸರನ್ನು ಅಲ್ಲಿ ತುರುಕಿದರೆ ಪ್ರಯೋಜನವಿಲ್ಲ. ಸ್ಮ್ಯಾಶ್ ಹಿಟ್ಸ್ ಓದುಗರಿಗೆ ಈ ಸಾಲು ಆಲ್ಬಂ ಹೆಸರಿನಷ್ಟೇ ಮುಖ್ಯ. ಮೋಜೊ ಓದುಗರಿಗೆ ಅದು ಬೇಕಿಲ್ಲ. ಅಲ್ಲಿ ಮರುಮುದ್ರಣದ ಡಿಸ್ಕ್‌ಗಳ ಸಂಖ್ಯೆ, ಹೊಸದಾಗಿ ಸೇರಿಸಿದ ಹಾಡುಗಳು, ಪುಸ್ತಿಕೆಯ ಪುಟಗಳು, ಇವೇ ಮಾರುವ ಮಾತು.

ದಿನಾಂಕದ ಸಾಲಿನಲ್ಲಿ ನಡೆದಷ್ಟು ಎಡವಟ್ಟು ಬೇರೆಲ್ಲೂ ನಡೆದಿಲ್ಲ. ಬ್ರಿಟನ್ನಿನಲ್ಲಿ ಆಲ್ಬಂಗಳು ಸೋಮವಾರ ಬಿಡುಗಡೆಯಾಗುತ್ತಿದ್ದವು. 2015ರ ಜುಲೈ 10ರಿಂದ ಜಗತ್ತಿನ ಹಲವು ದೇಶಗಳು ಒಟ್ಟಾಗಿ ಶುಕ್ರವಾರಕ್ಕೆ ಬದಲಾದವು. ಅಡೆಲ್ ಅವರ '21' ಬಂದದ್ದು 2011ರ ಜನವರಿ 24, ಸೋಮವಾರ. '25' ಬಂದದ್ದು 2015ರ ನವೆಂಬರ್ 20, ಶುಕ್ರವಾರ. ವಾರಪತ್ರಿಕೆಯಾದ ಎನ್‌ಎಂಇಯಲ್ಲಿ 'ಸೋಮವಾರ ಬಿಡುಗಡೆ' ಎಂದರೆ ಸಾಕಿತ್ತು. ಅದೇ ಕಡತವನ್ನು ಮಾಸಪತ್ರಿಕೆಗೆ ಕಳಿಸಿದರೆ ಯಾವ ಸೋಮವಾರ ಎಂದು ಯಾರಿಗೆ ಗೊತ್ತು? ಮಾಸಪತ್ರಿಕೆಯ ಮೇಲಿನ ತಿಂಗಳ ಹೆಸರೇ ಮಾರಾಟದ ದಿನಕ್ಕಿಂತ ಮುಂದಿರುತ್ತದೆ. ಅಲ್ಲಿ ವಾರ, ದಿನಾಂಕ, ತಿಂಗಳು ಮೂರೂ ಬೇಕು. 'ಈಗ ಲಭ್ಯ' ಎಂಬ ಮಾತನ್ನು ಪತ್ರಿಕೆ ಅಂಗಡಿಗೆ ಬರುವ ದಿನ ಆಲ್ಬಂ ನಿಜಕ್ಕೂ ಅಂಗಡಿಯಲ್ಲಿದ್ದರೆ ಮಾತ್ರ ಬಳಸಬೇಕು.

ನಕ್ಷತ್ರಗಳು ಯಾವಾಗ ಬರುತ್ತವೆ

ವಿಮರ್ಶೆಯ ಉಲ್ಲೇಖ ಮತ್ತು ನಕ್ಷತ್ರಗಳ ಸಾಲು ಎಲ್ಲ ಜಾಹೀರಾತಿನಲ್ಲೂ ಇರಬೇಕೆಂದು ಕಲಿಯುವವರು ಭಾವಿಸುತ್ತಾರೆ. ಕಾಲದ ಲೆಕ್ಕ ಹಾಕಿದರೆ ಅದು ಸಾಧ್ಯವೇ ಇಲ್ಲ. ಮಾಸಪತ್ರಿಕೆಗೆ ಜಾಹೀರಾತಿನ ಕಡತ ಮಾರಾಟಕ್ಕಿಂತ ಕೆಲವು ವಾರ ಮೊದಲೇ ತಲುಪಬೇಕು. ಆ ಹೊತ್ತಿಗೆ ಅದೇ ಸಂಚಿಕೆಯ ವಿಮರ್ಶೆ ಇನ್ನೂ ಅಚ್ಚಾಗಿರುವುದಿಲ್ಲ. ಹಾಗಾಗಿ ಮೊದಲ ತಿಂಗಳ ಜಾಹೀರಾತು ಮೌನವಾಗಿರುತ್ತದೆ: ಕವರ್, ಹೆಸರು, ದಿನಾಂಕ. ಎರಡನೆಯ ತಿಂಗಳದ್ದರಲ್ಲಿ ದಿನಾಂಕದ ಜಾಗಕ್ಕೆ 'ಈಗ ಲಭ್ಯ' ಬಂದು, ಜತೆಗೆ ನಕ್ಷತ್ರಗಳು ಸೇರುತ್ತವೆ. ಒಂದೇ ಆಲ್ಬಮ್ಮಿನ ಈ ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಈ ಹಳೆಯ ಸಂಚಿಕೆಗಳಿಂದ ಸಿಗುವ ಬಹುದೊಡ್ಡ ಪಾಠ. ಅದಕ್ಕಾಗಿ ಬಿಡಿ ಸಂಚಿಕೆಗಿಂತ ಒಂದರ ಹಿಂದೊಂದು ಬಂದ ಎರಡು ಮೂರು ತಿಂಗಳ ಸಂಚಿಕೆಗಳನ್ನು ಒಟ್ಟಿಗೆ ಕೊಳ್ಳಬೇಕು.

ಅಂಕ ಕೊಡುವ ರೀತಿ ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಕ್ಯೂ ಐದು ನಕ್ಷತ್ರಗಳ ಲೆಕ್ಕ, ಎನ್‌ಎಂಇ ಹತ್ತಕ್ಕೆ ಇಷ್ಟು ಎಂಬ ಅಂಕ, ಕೆರಾಂಗ್ ತನ್ನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನೇ ಐದರವರೆಗೆ ಸಾಲಾಗಿ ಹಾಕುತ್ತಿತ್ತು. ಮೂರನ್ನೂ ಒಂದೇ ಪುಟದಲ್ಲಿ ಇಟ್ಟರೆ ಸಾಲು ಒರಟಾಗುತ್ತದೆಂದು ಕೆಲವರು ಎಲ್ಲವನ್ನೂ ನಕ್ಷತ್ರವಾಗಿಸುತ್ತಾರೆ. ಹತ್ತಕ್ಕೆ ಎಂಟು ಬಂದದ್ದನ್ನು ನಾಲ್ಕು ನಕ್ಷತ್ರವೆಂದು ಹಾಕುವುದು ಲೆಕ್ಕಕ್ಕೆ ಸರಿ ಎನಿಸಿದರೂ, ಆ ಪತ್ರಿಕೆ ಕೊಡದೇ ಇದ್ದದ್ದನ್ನು ಕೊಟ್ಟಿತೆಂದು ಹೇಳಿದಂತಾಗುತ್ತದೆ. ಇದು ತಪ್ಪು. ಬ್ರಿಟನ್ನಿನಲ್ಲಿ 1962ರಿಂದ ಜಾಹೀರಾತು ಗುಣಮಟ್ಟ ಪ್ರಾಧಿಕಾರವಿದೆ, ಓದುಗರನ್ನು ದಾರಿ ತಪ್ಪಿಸುವ ಜಾಹೀರಾತಿನ ಮೇಲೆ ಅಲ್ಲಿ ದೂರು ಕೊಡಬಹುದು. ವಿನ್ಯಾಸದ ದೃಷ್ಟಿಯಿಂದಲೂ ಮೂಲ ಗುರುತುಗಳೇ ಲೇಸು. ಕೆರಾಂಗ್ ಓದುಗ ಆ ಐದಕ್ಷರದ ಸಾಲನ್ನು ದೂರದಿಂದಲೇ ಗುರುತಿಸುತ್ತಾನೆ. ಒರಟುತನ ಕಳೆಯಲು ಎಲ್ಲ ಗುರುತುಗಳ ಎತ್ತರವನ್ನು ಒಂದೇ ಮಾಡಿ, ಬಣ್ಣವನ್ನೂ ಒಂದೇ ಮಾಡಿ, ಪತ್ರಿಕೆಗಳ ಹೆಸರನ್ನು ಒಂದೇ ಫಾಂಟಿನಲ್ಲಿ ಹಾಕಿದರೆ ಸಾಕು.

ಪುಟದ ಅಡಿಯಲ್ಲಿ ಬರುವ ಪಟ್ಟಿಯ ವಿಷಯ ಬೇಗ ಮುಗಿಯುತ್ತದೆ. ಎಡಕ್ಕೆ ಸಿಡಿ, ಎಲ್‌ಪಿ, ಕ್ಯಾಸೆಟ್, ಡೌನ್‌ಲೋಡ್ ಎಂಬ ರೂಪಗಳ ಸಾಲು; ನಡುವೆ ವೆಬ್ ವಿಳಾಸ; ಬಲಕ್ಕೆ ಲೇಬಲ್ಲಿನ ಲಾಂಛನ. ಅಂಗಡಿಯ ಲಾಂಛನವಿದ್ದರೆ ಅದು ಅಂಗಡಿ ಮತ್ತು ಲೇಬಲ್ ಖರ್ಚು ಹಂಚಿಕೊಂಡ ಜಾಹೀರಾತು ಎಂದು ತಿಳಿಯಬಹುದು. ಅದಕ್ಕೇ ಅಲ್ಲಿ ಬೆಲೆಯೂ ಇರುತ್ತದೆ. ಈ ಲಾಂಛನಗಳಿಂದ ಸಂಚಿಕೆಯ ಕಾಲವನ್ನೂ ಹೇಳಬಹುದು. ಅವರ್ ಪ್ರೈಸ್ ಎಂಬ ಸಂಗೀತದ ಅಂಗಡಿಗಳ ಸರಣಿ 2004ಕ್ಕೆ ಮುಗಿಯಿತು, ಬ್ರಿಟನ್ನಿನಲ್ಲಿ ಐಟ್ಯೂನ್ಸ್ ಅಂಗಡಿ ತೆರೆದದ್ದೂ ಅದೇ ವರ್ಷ, ವೂಲ್ವರ್ತ್ಸ್ ಮಳಿಗೆಗಳು 2009ರ ಆರಂಭದಲ್ಲಿ ಬಾಗಿಲು ಹಾಕಿದವು. ಪೋಷಕರಿಗೆ ಎಚ್ಚರಿಕೆ ಕೊಡುವ ಕಪ್ಪುಬಿಳುಪಿನ ಚೀಟಿ 1990ರಲ್ಲಿ ಅಮೆರಿಕದಲ್ಲಿ ಆ ರೂಪ ಪಡೆಯಿತು. ಪ್ಯಾಕ್ ಶಾಟಿನಲ್ಲಿ ಅದು ಕಾಣಿಸದಷ್ಟು ಚಿಕ್ಕದಾಗುವುದರಿಂದ ಅಡಿಯ ಪಟ್ಟಿಯಲ್ಲಿ ಬೇರೆಯಾಗಿ ಹಾಕುವುದು ಒಳ್ಳೆಯ ಪದ್ಧತಿ.

ಅಚ್ಚಿಗೆ ಹೋದ ಮೇಲೆ

ಕಂಪ್ಯೂಟರ್ ಪರದೆಯ ಮೇಲೆ ಚೆನ್ನಾಗಿದ್ದ ಪುಟ ಕಾಗದದ ಮೇಲೆ ಹಾಳಾಗುವುದಕ್ಕೆ ಮೊದಲ ಕಾರಣ ಕವರಿನ ಕಡತ. ಲೇಬಲ್‌ನವರು ಕಳಿಸುವುದು ಸಿಡಿ ಪುಸ್ತಿಕೆಗೆ ಮಾಡಿದ ಚಿತ್ರ: 120 ಮಿ.ಮೀ., ಇಂಚಿಗೆ 300 ಪಿಕ್ಸೆಲ್, ಒಟ್ಟು ಸುಮಾರು 1417 ಪಿಕ್ಸೆಲ್ ಅಗಲ. ಅದನ್ನೇ 216 ಮಿ.ಮೀ.ಗೆ ಎಳೆದರೆ ಇಂಚಿಗೆ 167 ಪಿಕ್ಸೆಲ್‌ಗೆ ಇಳಿಯುತ್ತದೆ. ಕೂದಲು, ರೆಪ್ಪೆ, ಸಣ್ಣ ಅಕ್ಷರ ಎಲ್ಲ ಮಂಜು ಮಂಜು. ಎಲ್‌ಪಿ ಕವರಿಗೆ ಮಾಡಿದ ಕಡತವನ್ನು ಕೇಳಿ ಪಡೆಯಬೇಕು. 315 ಮಿ.ಮೀ.ಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಅದು 3720 ಪಿಕ್ಸೆಲ್ ಬರುತ್ತದೆ, ಪುಟದ ಅಗಲಕ್ಕೆ ಇಳಿಸಿದರೆ ಧಾರಾಳ. ಈಗಿನ ಸ್ಟ್ರೀಮಿಂಗ್ ಸೇವೆಗಳಿಗೆ ಕೊಡುವ 3000×3000 ಕಡತವೂ 216 ಮಿ.ಮೀ.ಗೆ 350ರಷ್ಟು ಬರುವುದರಿಂದ ಗಾತ್ರದಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಬಣ್ಣದಲ್ಲಿ: ಅದು ಆರ್‌ಜಿಬಿ, ಪರದೆಯ ಕೆಂಪು-ಹಸಿರು-ನೀಲಿ ಬೆಳಕಿನ ಲೆಕ್ಕ. ಮಿರುಗುವ ಗುಲಾಬಿ, ವಿದ್ಯುತ್ ನೀಲಿ, ನಿಯಾನ್ ಹಸಿರು ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಗೆ ಬಂದಾಗ ಮಂಕಾಗುತ್ತವೆ. ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆದು ನೋಡದೆ ಕಳಿಸಿದರೆ ಅಂಗಡಿಯ ಕವರ್ ಒಂದು ಬಣ್ಣ, ಪತ್ರಿಕೆಯ ಕವರ್ ಇನ್ನೊಂದು ಬಣ್ಣ.

ಎರಡನೆಯ ಕಾರಣ ಕಪ್ಪು. ಪಾಪ್ ಜಾಹೀರಾತುಗಳಿಗೆ ಕಪ್ಪು ಹಿನ್ನೆಲೆಯ ಮೋಹ ಹೆಚ್ಚು. ಬರೀ ಕಪ್ಪು ಶಾಯಿಯನ್ನೇ ನೂರಕ್ಕೆ ನೂರು ಹಾಕಿದರೆ ದೊಡ್ಡ ಜಾಗದಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಪ್ರತಿಶತ ಸೇರಿಸಿದರೆ ಒಟ್ಟು 240; ಗಾಢವೂ ಹೌದು, ಕಾಗದ ಹೀರಿಕೊಳ್ಳುವಷ್ಟೂ ಹೌದು. ಹೊಳಪು ಕಾಗದದ ವೆಬ್ ಆಫ್‌ಸೆಟ್ (ಸುರುಳಿ ಕಾಗದದ ಮೇಲಿನ) ಅಚ್ಚಿನಲ್ಲಿ ಒಟ್ಟು ಶಾಯಿ 300ರ ಒಳಗಿರಬೇಕು, ನ್ಯೂಸ್‌ಪ್ರಿಂಟ್ ಎಂಬ ದಿನಪತ್ರಿಕೆಯ ಕಾಗದದಲ್ಲಿ 240ರ ಮಿತಿ. ಮೀರಿದರೆ ಶಾಯಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ. ಹಳೆಯ ಸಂಚಿಕೆಗಳಲ್ಲಿ ಕಪ್ಪು ಜಾಹೀರಾತಿನ ಎದುರು ಪುಟ ಮಸಿ ಹಿಡಿದಂತಿದ್ದರೆ ಕಾರಣ ಬಹುತೇಕ ಇದೇ.

ಈ ನಾಲ್ಕು ಬಣ್ಣದ ಕಪ್ಪಿನ ಮೇಲೆ ಬಿಳಿ ಅಕ್ಷರ ಬಿಡಿಸಿದಾಗ ಬಣ್ಣಕ್ಕೊಂದರಂತೆ ಇರುವ ನಾಲ್ಕೂ ಅಚ್ಚಿನ ಪ್ಲೇಟುಗಳು ಕರಾರುವಾಕ್ಕಾಗಿ ಕೂಡಬೇಕು. ಕೂದಲೆಳೆಯಷ್ಟು ಸರಿದರೂ 6 ಪಾಯಿಂಟಿನ ತೆಳು ಅಕ್ಷರದೊಳಗೆ ಬಣ್ಣ ನುಗ್ಗಿ ಅಕ್ಷರ ಮುಚ್ಚಿಹೋಗುತ್ತದೆ. ಆರ್ಕ್ಟಿಕ್ ಮಂಕೀಸ್ ತಂಡದ 2013ರ 'ಎಎಂ' ಆಲ್ಬಂ ಕವರ್ ಕಪ್ಪಿನ ಮೇಲೆ ಬಿಳಿ ಅಲೆಯ ಗೆರೆ, ಅಷ್ಟೇ. ಗುರುತು ಹಿಡಿಯಲು ಅದಕ್ಕಿಂತ ಸುಲಭದ್ದು ಬೇರೊಂದಿಲ್ಲ. ಅದನ್ನು ಪ್ಯಾಕ್ ಶಾಟ್ ಗಾತ್ರಕ್ಕೆ ಇಳಿಸುವುದು ಮಾತ್ರ ಕಷ್ಟದ ಕೆಲಸ. ಇಂಥ ತೆಳು ಗೆರೆಯ ಕವರುಗಳಿಗೆ ಇರುವ ಉಪಾಯ: ಗೆರೆಯ ಸುತ್ತ ಉಳಿದ ಮೂರು ಬಣ್ಣಗಳನ್ನು ಕಾಲು ಪಾಯಿಂಟಿನಷ್ಟು ಹಿಂದಕ್ಕೆ ಸರಿಸಿ, ಅಂಚಿನಲ್ಲಿ ಬರೀ ಕಪ್ಪು ಪ್ಲೇಟ್ ಉಳಿಯುವಂತೆ ಮಾಡುವುದು. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಬೇಕು. ಚಿತ್ರದ ಕಡತದೊಳಗೇ ಅಕ್ಷರ ಸೇರಿಸಿದರೆ ನಾಲ್ಕೂ ಬಣ್ಣಕ್ಕೆ ಒಡೆದು ಅಂಚು ಕಾಮನಬಿಲ್ಲಾಗುತ್ತದೆ.

ಬೈಂಡಿಂಗನ್ನೂ ನೋಡಬೇಕು. ಬೆನ್ನಿಗೆ ಅಂಟು ಹಾಕಿದ ದಪ್ಪ ಮಾಸಪತ್ರಿಕೆಯಲ್ಲಿ ಒಳ ಅಂಚಿನ 8-10 ಮಿ.ಮೀ. ಮಡಿಕೆಯೊಳಗೆ ಹೋಗುತ್ತದೆ. ಎರಡು ಪುಟ ಸೇರಿದ ಜಾಹೀರಾತಿನಲ್ಲಿ ಮುಖ ನಡುವೆ ಬಂದರೆ ಮೂಗೇ ಮಾಯ. ಮುಖವನ್ನು ಪೂರ್ತಿ ಬಲಪುಟಕ್ಕೆ ತಂದು ಮಾತನ್ನು ಎಡಕ್ಕೆ ಕಳಿಸುವುದು ವಾಡಿಕೆ. ಸ್ಮ್ಯಾಶ್ ಹಿಟ್ಸ್‌ನಂಥ ಪಿನ್ ಹೊಡೆದ ಪತ್ರಿಕೆ ಚಪ್ಪಟೆಯಾಗಿ ತೆರೆದುಕೊಳ್ಳುವುದರಿಂದ ಅಲ್ಲಿ ಈ ಕಾಟ ಕಡಿಮೆ.

ಯಾವ ಪತ್ರಿಕೆ ಯಾರಿಗೆ

ಒಂದೇ ಪತ್ರಿಕೆಗೆ ದುಡ್ಡು ಕೊಡುವುದಾದರೆ ಕ್ಯೂ ಕೊಳ್ಳಿ. 1986ರಲ್ಲಿ ಸಿಡಿ ಯುಗದ ಜತೆಯಲ್ಲೇ ಶುರುವಾಗಿ 2020ರಲ್ಲಿ ಮುದ್ರಣ ನಿಲ್ಲಿಸಿತು. ಚೊಚ್ಚಲ ಆಲ್ಬಂ, ದೊಡ್ಡ ಹೆಸರು, ಹಿಟ್‌ಗಳ ಸಂಕಲನ, ಮರುಮುದ್ರಣ ಎಲ್ಲ ಬಗೆಯೂ ಅಲ್ಲಿ ಸಿಗುತ್ತವೆ. ಕಾಗದ ಒಳ್ಳೆಯದು, ಅಚ್ಚೂ ಅಚ್ಚುಕಟ್ಟು. 1995ರಿಂದ 2005ರ ಸಂಚಿಕೆಗಳಲ್ಲಿ ಮೇಲೆ ಹೇಳಿದ ರೂಢಿಗಳೆಲ್ಲ ಪೂರ್ತಿ ಬಲಿತ ರೂಪದಲ್ಲಿವೆ. ಕೊರತೆಯೆಂದರೆ ಏಕತಾನತೆ: ಕವರ್ ಮೇಲೆ, ಪಟ್ಟಿ ಕೆಳಗೆ ಎಂಬ ಸೂತ್ರ ಬಿಟ್ಟು ಆಚೆ ಹೋದ ಪುಟ ಅಪರೂಪ.

1993ರಲ್ಲಿ ಶುರುವಾದ ಮೋಜೊ ಅಕ್ಷರವಿನ್ಯಾಸ ಕಲಿಯುವವರಿಗೆ. ಬಾಕ್ಸ್ ಸೆಟ್‌ಗಳ (ಹಲವು ಡಿಸ್ಕ್‌ಗಳ ಪೆಟ್ಟಿಗೆಗಳ) ಜಾಹೀರಾತಿನಲ್ಲಿ ಹೇಳಬೇಕಾದ ವಿವರ ಬಹಳ, ಅದನ್ನು ಗೊಂದಲವಿಲ್ಲದೆ ಜೋಡಿಸುವುದು ಸುಲಭವಲ್ಲ. ಪೆಟ್ಟಿಗೆಯನ್ನೂ ಒಳಗಿನ ಎಲ್ಲ ಡಿಸ್ಕ್, ಪುಸ್ತಕ, ಪೋಸ್ಟರುಗಳನ್ನೂ ಹರಡಿಟ್ಟು ತೆಗೆದ ಚಿತ್ರ ಇಲ್ಲಿ ಕವರಿನ ಜಾಗಕ್ಕೆ ಬರುತ್ತದೆ. ಸ್ಮ್ಯಾಶ್ ಹಿಟ್ಸ್ 1978ರಿಂದ 2006ರವರೆಗೆ ಇತ್ತು, ಹದಿನೈದು ದಿನಕ್ಕೊಮ್ಮೆ. ಅದರ 1980ರ ದಶಕದ ಜಾಹೀರಾತುಗಳು ಬಣ್ಣ ಕಲಿಸುತ್ತವೆ. ಕ್ಯಾಮೆರಾವನ್ನು ನೇರ ನೋಡುವ ಮುಖ, ಓರೆ ಅಕ್ಷರ, ಅಂಟಿಸಿದಂತಿರುವ ಬಣ್ಣದ ಪಟ್ಟಿಗಳು. ಹದಿಹರೆಯದವರಿಗೆ ಬೇಕಾದ ವೇಗ ಅವುಗಳಲ್ಲಿದೆ. ಸಿಂಗಲ್ ಮತ್ತು ಆಲ್ಬಂ ಜಾಹೀರಾತುಗಳ ನಡುವಿನ ವ್ಯತ್ಯಾಸ ನೋಡಲೂ ಇದೇ ಸರಿಯಾದ ಪತ್ರಿಕೆ.

1952ರಲ್ಲಿ ಶುರುವಾದ ಎನ್‌ಎಂಇ 1998ರವರೆಗೂ ನ್ಯೂಸ್‌ಪ್ರಿಂಟಿನಲ್ಲೇ ಬಂತು. ಆ ಕಾಗದದಲ್ಲಿ ಚುಕ್ಕಿ ಹರಡುತ್ತದೆ, ನಡುಬಣ್ಣಗಳು ಕಪ್ಪಿಡುತ್ತವೆ, ಇಂಚಿಗೆ 85-100 ಗೆರೆಯ ಸ್ಕ್ರೀನ್‌ಗಿಂತ (ಅಚ್ಚಿನ ಚುಕ್ಕಿಗಳ ಜಾಲಕ್ಕಿಂತ) ಸೂಕ್ಷ್ಮ ಹಿಡಿಯುವುದಿಲ್ಲ. ಆ ಮಿತಿಯಿಂದಲೇ ಒಂದು ಸೌಂದರ್ಯ ಹುಟ್ಟಿತು: ದಪ್ಪ ಅಕ್ಷರ, ಗಟ್ಟಿ ಕಪ್ಪುಬಿಳುಪು, ತುಂಬ ಖಾಲಿ ಜಾಗ. ಸ್ವತಂತ್ರ ಲೇಬಲ್‌ಗಳ ಕಡಿಮೆ ಖರ್ಚಿನ ಜಾಹೀರಾತುಗಳು ಇಲ್ಲಿ ದೊಡ್ಡ ಕಂಪನಿಗಳನ್ನು ಮೀರಿಸುತ್ತವೆ. ಖರ್ಚು ಕಡಿಮೆ ಇರುವವರು ಕಲಿಯಬೇಕಾದ್ದು ಕ್ಯೂ ಪುಟಗಳಿಗಿಂತ ಇವುಗಳಿಂದ. 2018ರ ಮಾರ್ಚ್‌ನಲ್ಲಿ ಈ ವಾರಪತ್ರಿಕೆಯ ಅಚ್ಚು ನಿಂತಿತು; 2015ರಿಂದ ಉಚಿತವಾಗಿ ಹಂಚುತ್ತಿದ್ದ ಕೊನೆಯ ವರ್ಷಗಳ ಸಂಚಿಕೆಗಳಿಗೆ ಈ ಉದ್ದೇಶಕ್ಕೆ ದುಡ್ಡು ಹಾಕಬೇಕಿಲ್ಲ. 1981ರಿಂದ ಬಂದ ಕೆರಾಂಗ್ ಒಂದು ಸಂಚಿಕೆ ಸಾಕು. ಮೆಟಲ್ ತಂಡಗಳ ಮುಳ್ಳುಮುಳ್ಳಿನ ಲೋಗೊಗಳನ್ನು ಓದಲಾಗದಿದ್ದರೂ ಅಭಿಮಾನಿ ಆಕಾರದಿಂದಲೇ ಗುರುತಿಸುತ್ತಾನೆ. ಓದಿಸುವುದಕ್ಕಿಂತ ಗುರುತಿಸುವುದು ಹೇಗೆ ಬೇರೆ ಎಂಬುದನ್ನು ಅದು ತೋರಿಸಿಕೊಡುತ್ತದೆ.

ಅಮೆರಿಕದ ಪತ್ರಿಕೆಗಳಲ್ಲಿ ದಾರಿ ಬೇರೆ. 1960ರ ದಶಕದ ಕೊನೆಯಲ್ಲಿ ವಾರ್ನರ್-ರಿಪ್ರೈಸ್ ಕಂಪನಿಯ ಸ್ಟ್ಯಾನ್ ಕಾರ್ನಿನ್ ಮಾತೇ ಪ್ರಧಾನವಾದ ಜಾಹೀರಾತುಗಳನ್ನು ಬರೆದರು. ವ್ಯಾನ್ ಡೈಕ್ ಪಾರ್ಕ್ಸ್ ಅವರ ಆಲ್ಬಂ ಮಾರಾಟವಾಗದೆ 35,509 ಡಾಲರ್ 50 ಸೆಂಟ್ ನಷ್ಟವಾಯಿತೆಂದು ಕಂಪನಿಯೇ ತಲೆಬರಹದಲ್ಲಿ ಹೇಳಿಕೊಂಡ ಪುಟ ಅವರದ್ದು. ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಹ್ಯೂಸ್ಟನ್ನಿನ ಪೆನ್ ಅಂಡ್ ಪಿಕ್ಸೆಲ್ ಸಂಸ್ಥೆ. 1990ರ ದಶಕದಲ್ಲಿ ದಕ್ಷಿಣದ ರ‍್ಯಾಪ್ ಲೇಬಲ್‌ಗಳಿಗೆ ಫೋಟೋಶಾಪಿನಲ್ಲಿ ವಜ್ರ ಪೋಣಿಸಿದ ಅಕ್ಷರ, ಕಾರು, ಮಿಂಚು, ಹೊಗೆ ಎಲ್ಲವನ್ನೂ ಒಂದೇ ಚಿತ್ರದಲ್ಲಿ ಕೂಡಿಸಿ ಕೊಟ್ಟವರು. ಸಭ್ಯ ವಿನ್ಯಾಸದ ಕಣ್ಣಿಗೆ ಅದು ಅತಿ ಎನಿಸುತ್ತದೆ. ಆದರೂ ಅಂಗಡಿಯ ಸಾಲಿನಲ್ಲಿ ಆ ಕವರು ಕಾಣದೇ ಇರುವುದು ಸಾಧ್ಯವಿಲ್ಲ. ಈ ಕಸುಬಿನ ಅಳತೆಗೋಲಿನಲ್ಲಿ ಅದಕ್ಕೆ ಪೂರ್ತಿ ಅಂಕ ಸಲ್ಲಬೇಕು.

ಈ ಪುಟಗಳನ್ನು ನೋಡಿ ಕನ್ನಡದಲ್ಲಿ ಆಲ್ಬಂ ಜಾಹೀರಾತು ಮಾಡಹೊರಟವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳನ್ನು ಒಂದರ ಮೇಲೊಂದು ಇಟ್ಟಿಗೆಯಂತೆ ಪೇರಿಸುವ ರೂಢಿ ಕನ್ನಡಕ್ಕೆ ಬರುವುದಿಲ್ಲ. ನಮಗೆ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲ, ಜತೆಗೆ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷ್ ಶೀರ್ಷಿಕೆಗೆ ಅಕ್ಷರದ ಗಾತ್ರದ 90-100 ಪ್ರತಿಶತ ಸಾಲಿನ ಅಂತರ ಸಾಕಾದರೆ ಕನ್ನಡಕ್ಕೆ 130-140 ಬೇಕು. ಆದ್ದರಿಂದ 87 ಮಿ.ಮೀ. ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯೇ ಹಿಡಿಸುತ್ತದೆ; ಮೊದಲೇ ಮಾತು ಕಡಿಮೆ ಮಾಡಿ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಫ್ಯಾಷನ್ನೂ ಬೇಡ, ಒತ್ತು ತನ್ನ ಅಕ್ಷರದಿಂದ ಬೇರೆಯಾದಂತೆ ಕಾಣುತ್ತದೆ. ಕಪ್ಪಿನ ಮೇಲೆ ಬಿಳಿ ಅಕ್ಷರ 9 ಪಾಯಿಂಟಿಗಿಂತ ಇಳಿದರೆ 'ಕ್ಷ್ಮ', 'ಸ್ತ್ರ'ದಂಥ ಒತ್ತುಗಳು ಮುಚ್ಚಿಕೊಳ್ಳುತ್ತವೆ. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ಯೂನಿಕೋಡ್ ಫಾಂಟ್ ಬಳಸುವುದಾದರೆ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆನ್ ಮಾಡಲೇಬೇಕು, ಇಲ್ಲದಿದ್ದರೆ ಒತ್ತು ಒಡೆದು ಪಕ್ಕಕ್ಕೆ ಬಂದು ಕೂರುತ್ತದೆ. ಪಿಡಿಎಫ್ ಕಳಿಸುವ ಮೊದಲು ಶೀರ್ಷಿಕೆಯನ್ನು ಔಟ್‌ಲೈನ್ ಮಾಡಿ, ಅಂದರೆ ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿ.

ಹಳೆಯ ಸಂಚಿಕೆ ಕೊಳ್ಳುವಾಗ ಮಾರುವವರಿಗೆ ಮೊದಲು ಕೇಳಬೇಕಾದ್ದು ಪುಟ ಕತ್ತರಿಸಿದೆಯೇ ಎಂದು. ಅಭಿಮಾನಿಗಳು ಗೋಡೆಗೆ ಅಂಟಿಸಲು ಕತ್ತರಿಸುವುದು ಸಂದರ್ಶನವನ್ನಲ್ಲ, ಇದೇ ಇಡೀ ಪುಟದ ಜಾಹೀರಾತನ್ನು. ಮುಖಪುಟದ ಜತೆ ಬಂದ ಉಚಿತ ಸಿಡಿ ಇಲ್ಲದಿದ್ದರೆ ಬೆಲೆ ಇಳಿಯುತ್ತದೆ. ನಮ್ಮ ಕೆಲಸಕ್ಕೆ ಅದು ಬೇಕಿಲ್ಲವಾದ್ದರಿಂದ ಅಂಥ ಪ್ರತಿಗಳೇ ಲಾಭ. ಸ್ಕ್ಯಾನ್ ಮಾಡುವಾಗ 600 ಡಿಪಿಐಗೆ ಇಟ್ಟು, ಪುಟದ ಹಿಂದೆ ಕಪ್ಪು ಹಾಳೆ ಇಡಿ. ಇಲ್ಲದಿದ್ದರೆ ತೆಳು ಕಾಗದದ ಹಿಂಬದಿಯ ಅಕ್ಷರ ಹಾದು ಕಾಣುತ್ತದೆ. ಅಚ್ಚಿನ ಚುಕ್ಕಿಗಳನ್ನು ಮರೆಸುವ ಡಿಸ್ಕ್ರೀನ್ ಆಯ್ಕೆ ಬಳಸದೆ ಗಾತ್ರ ಇಳಿಸಿದರೆ ಮುಖದ ಮೇಲೆ 'ಮೊರೆ' (moiré) ಎನ್ನುವ ಜಾಲರಿಯಂಥ ಗುರುತು ಏಳುತ್ತದೆ. ಅಚ್ಚಿನ ಚುಕ್ಕಿಗಳನ್ನೇ ಅಭ್ಯಾಸ ಮಾಡುವುದಿದ್ದರೆ ಸ್ಕ್ಯಾನ್ ಬಿಟ್ಟು ಹತ್ತು ಪಟ್ಟು ಹಿಗ್ಗಿಸುವ ಲೂಪ್ ಹಿಡಿದು ಕಾಗದವನ್ನೇ ನೋಡಿ. ನಾಲ್ಕು ಪ್ಲೇಟುಗಳು ಎಲ್ಲಿ ಕೂಡಿವೆ, ಎಲ್ಲಿ ಸರಿದಿವೆ ಎಂಬುದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ.